ಸುತ್ತಿಗೆಯಿಲ್ಲದ ಹರಾಜಿನ ತಗಾದೆಗಳು

ಹರಾಜು ಮುಗಿಯಲು ಇನ್ನು ಒಂದು ನಿಮಿಷವೂ ಉಳಿದಿಲ್ಲ. ಇಂಗ್ಲೆಂಡಿನ ಯಾವುದೋ ಒಂದು ಸಣ್ಣ ಊರಿನಲ್ಲಿ, ಮನೆಮಂದಿಯೆಲ್ಲ ಮಲಗಿದ ಮೇಲೆ, ಹಳೆಯ ವಸ್ತುಗಳ ವ್ಯಾಮೋಹವುಳ್ಳ ಗೃಹಸ್ಥನೊಬ್ಬನು ಕಂಪ್ಯೂಟರಿನ ಪರದೆಯನ್ನು ನೆಟ್ಟ ದೃಷ್ಟಿಯಿಂದ ನೋಡುತ್ತ ಕುಳಿತಿದ್ದಾನೆ. ಪರದೆಯ ಮೇಲೆ ಥಳಥಳಿಸುವ ಹಿತ್ತಾಳೆಯ ಕಹಳೆಯುಳ್ಳ ಗ್ರಾಮಫೋನೊಂದರ ಚಿತ್ರವಿದೆ. ಮರದ ಪೆಟ್ಟಿಗೆಯ ಮುಖದಲ್ಲಿ, ಯಜಮಾನನ ಧ್ವನಿಗೆ ಕಿವಿಗೊಟ್ಟು ಕುಳಿತ ನಾಯಿಯ ಜಗತ್ಪ್ರಸಿದ್ಧ ಲಾಂಛನವಿದೆ. ಕೆಳಗೆ, ‘1910ರ ಸುಮಾರಿನದು, ಚೆನ್ನಾಗಿ ಹಾಡುತ್ತದೆ’ ಎಂಬ ಒಂದೇ ಸಾಲಿನ ವರ್ಣನೆಯಿದೆ. ಕಟ್ಟಕಡೆಯ ಹತ್ತು ಸೆಕೆಂಡುಗಳಲ್ಲಿ ಅಜ್ಞಾತ ಪ್ರತಿಸ್ಪರ್ಧಿಗಳನ್ನೆಲ್ಲ ಹಿಂದಿಕ್ಕಿ ಈತನ ಸವಾಲು ಮೇಲಾಗುತ್ತದೆ, ಗಡಿಯಾರ ಸೊನ್ನೆಗೆ ಬರುತ್ತದೆ, ಮತ್ತು ತಾನು ಮುಟ್ಟಿಯೂ ನೋಡದ ಒಂದು ಪದಾರ್ಥಕ್ಕಾಗಿ, ತಾನು ಎಂದಿಗೂ ಭೇಟಿಯಾಗದ ಒಬ್ಬ ಮನುಷ್ಯನಿಗೆ, ಆತನು ಕೆಲವು ನೂರು ಪೌಂಡುಗಳ ಋಣಿಯಾಗುತ್ತಾನೆ.

ವಾರ ಕಳೆದ ಮೇಲೆ ಪಾರ್ಸೆಲ್ ಬರುತ್ತದೆ. ಬಿಚ್ಚಿದೊಡನೆ ಮೂಗಿಗೆ ಹೊಡೆಯುವುದು ಹೊಸ ವಾರ್ನಿಷಿನ ವಾಸನೆ. ಪೆಟ್ಟಿಗೆಯನ್ನು ಬೋರಲು ಹಾಕಿ ನೋಡಿದರೆ ತಳದ ಹಲಗೆಯನ್ನು ಹಿಡಿದಿರುವುದು ಸ್ಟಾರ್ ಸ್ಕ್ರೂಗಳು. ಅಂಥ ಸ್ಕ್ರೂಗಳು ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಕಹಳೆಯ ತಗಡು ಕಾಗದದಷ್ಟು ತೆಳುವು, ನಾಯಿಯ ಚಿತ್ರ ನಿನ್ನೆ ಮೊನ್ನೆ ಅಂಟಿಸಿದ್ದು. ಹಳೆಯ ಸೂಟ್‌ಕೇಸ್ ಗ್ರಾಮಫೋನುಗಳ ಯಂತ್ರವನ್ನು ಕಿತ್ತು, ಹೊಸ ಪೆಟ್ಟಿಗೆಯಲ್ಲಿ ಕೂಡಿಸಿ, ಮೇಲೊಂದು ಕಹಳೆ ಸಿಕ್ಕಿಸಿದ ಈ ಬಗೆಯ ಸರಕು ನಮ್ಮ ದೇಶದಲ್ಲಿಯೇ ತಯಾರಾಗಿ, ಮುಂಬಯಿಯ ಚೋರ್ ಬಜಾರಿನಂಥ ತಾಣಗಳಿಂದ ಹೊರಟು ಪಶ್ಚಿಮ ದೇಶಗಳ ಹರಾಜುಗಳಲ್ಲಿ ಎಷ್ಟೋ ವರ್ಷಗಳಿಂದ ‘ಪುರಾತನ ವಸ್ತು’ವಾಗಿ ಬಿಕರಿಯಾಗುತ್ತಿದೆಯೆಂಬುದು ಗ್ರಾಮಫೋನ್ ಸಂಗ್ರಾಹಕರಿಗೆಲ್ಲ ತಿಳಿದ ಸಂಗತಿ.

ಮಾರಿದವನು ವಂಚಕನೇ? ಆಗಿರಬಹುದು. ಆದರೆ ಆತನೂ ಹಿಂದೊಮ್ಮೆ ಭಾರತದ ಪ್ರವಾಸದಲ್ಲಿ ಅದನ್ನು ಅಸಲಿಯೆಂದೇ ನಂಬಿ ಕೊಂಡು, ಅದೇ ನಂಬಿಕೆಯಿಂದ ಮಾರಿರುವ ಸಂಭವವೂ ಅಷ್ಟೇ ಇದೆ. ‘ಚಿತ್ರವನ್ನು ನೋಡಿಯೇ ಕೊಂಡಿರಲ್ಲ’ ಎಂದು ಅವನು, ‘ವರ್ಣನೆಯನ್ನು ನಂಬಿ ಕೊಂಡೆ’ ಎಂದು ಇವನು, ನಾಲ್ಕಾರು ಪತ್ರಗಳಾಗುವಷ್ಟರಲ್ಲಿ ಇಬ್ಬರು ಸಭ್ಯರೂ ಪರಸ್ಪರರನ್ನು ಕಳ್ಳರೆಂದು ನಿಶ್ಚಯಿಸಿರುತ್ತಾರೆ. ಅಂತರಜಾಲದ ಹರಾಜಿನಲ್ಲಿ ಕೇವಲ ದರೋಡೆಯೆನ್ನಬಹುದಾದ ಪ್ರಕರಣಗಳಿಗೆ ಪೊಲೀಸರಿದ್ದಾರೆ; ಕಠಿನವಾದ ಪ್ರಶ್ನೆಯೆಂದರೆ, ಇಂಥ ಅರೆಸತ್ಯದ ವ್ಯಾಜ್ಯಗಳನ್ನು ಯಾರು, ಯಾವ ಅಧಿಕಾರದಿಂದ, ಏನನ್ನು ನೋಡಿ ಇತ್ಯರ್ಥ ಮಾಡಬೇಕು ಎಂಬುದು. ಕಳೆದ ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆಗೆ ಅನೇಕ ಉತ್ತರಗಳು ಬಂದು ಹೋಗಿವೆ. ಅವುಗಳಲ್ಲಿ ಎಲ್ಲಕ್ಕಿಂತ ವಿವೇಕಯುತವಾಗಿದ್ದ ಒಂದು ಉತ್ತರವನ್ನು ಪ್ರಯೋಗಿಸಿದ್ದು ಭಾರತದಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಹುಣಸೆಮರದ ನೆರಳಿನಲ್ಲಿ

ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿಗೆ ಸೇರಿದ ಹುಣಸೆಮರಗಳ ಫಸಲನ್ನು ಹರಾಜು ಹಾಕುವುದನ್ನು ಕಂಡವರಿಗೆ, ಹರಾಜೆಂಬುದು ಎಷ್ಟರಮಟ್ಟಿಗೆ ಹತ್ತು ಜನರ ಕಣ್ಣೆದುರಿನ ವ್ಯವಹಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರ ಎದುರಿಗೇ ನಿಂತಿರುತ್ತದೆ. ಈ ವರ್ಷ ಕಾಯಿ ಎಷ್ಟು ಹಿಡಿದಿದೆಯೆಂಬುದನ್ನು ತಲೆಯೆತ್ತಿ ನೋಡಿ ಲೆಕ್ಕ ಹಾಕಬಹುದು. ಸವಾಲು ಕೂಗುವವನು ಯಾರ ಮಗ, ಯಾರ ಅಳಿಯ, ಕಳೆದ ವರ್ಷದ ಬಾಕಿಯನ್ನು ಸಲ್ಲಿಸಿದ್ದಾನೋ ಇಲ್ಲವೋ ಎಂಬುದು ನೆರೆದವರಿಗೆಲ್ಲ ಗೊತ್ತಿರುತ್ತದೆ. ಹರಾಜುಗಾರನ ಕಡೆಯವನೇ ಸುಮ್ಮಸುಮ್ಮನೆ ಬೆಲೆಯೇರಿಸತೊಡಗಿದರೆ ಗುಂಪಿನಲ್ಲಿ ನಗೆಯೇಳುತ್ತದೆ. ‘ಒಂದು ಸಲ, ಎರಡು ಸಲ, ಮೂರು ಸಲ’ ಎಂಬ ಕೂಗು ಮುಗಿದೊಡನೆ ಒಪ್ಪಂದವಾಗುವುದು ಆ ನೆರವಿಯ ಸಾಕ್ಷ್ಯದಲ್ಲಿ.

ಇದೇ ತಿಳಿವಳಿಕೆಯನ್ನು ನಮ್ಮ 1930ರ ಸರಕು ಮಾರಾಟ ಅಧಿನಿಯಮದ 64ನೆಯ ಪ್ರಕರಣವು ಶಾಸನದ ಭಾಷೆಯಲ್ಲಿ ಹೇಳುತ್ತದೆ. ಸುತ್ತಿಗೆ ಬಿದ್ದಾಗ ಅಥವಾ ವಾಡಿಕೆಯ ಇನ್ನಾವುದೇ ರೀತಿಯಲ್ಲಿ ಹರಾಜುಗಾರನು ಸಾರಿದಾಗ ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಕೂಗಿದವನು ತನ್ನ ಕೂಗನ್ನು ಹಿಂದೆಗೆದುಕೊಳ್ಳಬಹುದು. ಮಾರುವವನು ತಾನೇ ಸವಾಲು ಹಾಕುವ ಹಕ್ಕನ್ನು ಮೊದಲೇ ಪ್ರಕಟವಾಗಿ ಕಾಯ್ದಿರಿಸಿಕೊಳ್ಳದೆ ಗುಟ್ಟಾಗಿ ಬೆಲೆಯೇರಿಸಿದರೆ, ಕೊಂಡವನು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ಹುಸಿ ಸವಾಲುಗಳಿಂದ ಬೆಲೆ ಹೆಚ್ಚಿಸಿದ್ದಾದರೆ ಮಾರಾಟವನ್ನು ರದ್ದುಪಡಿಸುವ ಆಯ್ಕೆ ಅವನದು. ಕಾನೂನು ಸ್ಪಷ್ಟವಾಗಿದೆ. ಆದರೆ ಈ ವಾಕ್ಯಗಳನ್ನು ಬರೆದವರ ಕಣ್ಣ ಮುಂದೆ ಇದ್ದುದು ಒಂದು ಕೊಠಡಿ, ಒಂದು ಮೇಜು, ಒಬ್ಬ ಹರಾಜುಗಾರ ಮತ್ತು ಒಂದು ಗುಂಪು. ಅಂತರಜಾಲದ ಹರಾಜು ಈ ನಾಲ್ಕನ್ನೂ ತೆಗೆದುಹಾಕಿ, ಅವುಗಳ ಸ್ಥಾನದಲ್ಲಿ ಒಂದು ಛಾಯಾಚಿತ್ರವನ್ನೂ ಒಂದು ಗಡಿಯಾರವನ್ನೂ ಇಟ್ಟಿತು.

ಕೆಟ್ಟುಹೋದ ಲೇಸರ್ ದೀಪ

1995ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ತರುಣ ತಂತ್ರಜ್ಞ ಪಿಯರ್ ಒಮಿಡ್ಯಾರ್ ‘ಆಕ್ಷನ್ ವೆಬ್’ ಎಂಬ ಹೆಸರಿನ ಹರಾಜುತಾಣವನ್ನು ಆರಂಭಿಸಿದನು. ಎರಡು ವರ್ಷಗಳ ತರುವಾಯ ಅದಕ್ಕೆ ‘ಇಬೇ’ ಎಂಬ ಹೆಸರು ಬಂದಿತು. ಅಲ್ಲಿ ಮೊದಲು ಬಿಕರಿಯಾದ ಪದಾರ್ಥವೆಂದು ಹೇಳಲಾಗುವುದು ಕೆಟ್ಟುಹೋಗಿದ್ದ ಒಂದು ಲೇಸರ್ ದೀಪ. ಬೆಲೆ 14 ಡಾಲರ್ 83 ಸೆಂಟ್. ಅದು ಕೆಟ್ಟಿದೆಯೆಂದು ತಿಳಿದಿದೆಯಷ್ಟೇ ಎಂದು ಒಮಿಡ್ಯಾರ್ ಕೊಂಡವನನ್ನು ಕೇಳಲಾಗಿ, ಕೆಟ್ಟ ಲೇಸರ್ ದೀಪಗಳನ್ನು ಸಂಗ್ರಹಿಸುವುದೇ ತನ್ನ ಹವ್ಯಾಸವೆಂದು ಆತನು ಉತ್ತರವಿತ್ತನಂತೆ. ವರ್ಣನೆಗೂ ವಸ್ತುವಿಗೂ ಅಷ್ಟು ಚೆನ್ನಾಗಿ ಹೊಂದಿಕೆಯಾದ ವ್ಯಾಪಾರ ಆಮೇಲೆ ಅಪರೂಪವಾಯಿತು.

ಕೆಲವೇ ತಿಂಗಳುಗಳಲ್ಲಿ ದೂರುಗಳ ಮಳೆ ಸುರಿಯಿತು. ಹಣ ಬರಲಿಲ್ಲ, ಸರಕು ಬರಲಿಲ್ಲ, ಬಂದದ್ದು ಒಡೆದಿತ್ತು ಎಂಬ ಪತ್ರಗಳೆಲ್ಲ ಒಮಿಡ್ಯಾರನಿಗೇ ಬರುತ್ತಿದ್ದವು. ಏಕೆಂದರೆ ಹರಾಜುಗಾರನ ಪೀಠದಲ್ಲಿ ಇದ್ದಂತೆ ಕಾಣುತ್ತಿದ್ದವನು ಅವನೊಬ್ಬನೇ. ಆತನಿಗೆ ನ್ಯಾಯಾಧೀಶನಾಗುವ ಮನಸ್ಸಿರಲಿಲ್ಲ. ನಿಮ್ಮ ನಿಮ್ಮಲ್ಲಿಯೇ ಬಗೆಹರಿಸಿಕೊಳ್ಳಿರೆಂದು ಇಬ್ಬರಿಗೂ ಬರೆದು ಸಾಕಾದ ಮೇಲೆ, 1996ರ ಫೆಬ್ರವರಿಯಲ್ಲಿ ಆತನು ಸದಸ್ಯರೆಲ್ಲರಿಗೂ ಒಂದು ಬಹಿರಂಗ ಪತ್ರವನ್ನು ಬರೆದು, ಬಹುಪಾಲು ಜನ ಪ್ರಾಮಾಣಿಕರೆಂಬ ತನ್ನ ನಂಬಿಕೆಯನ್ನು ಅದರಲ್ಲಿ ಸಾರಿ, ವ್ಯಾಪಾರ ಮುಗಿದ ಬಳಿಕ ಕೊಂಡವನು ಮಾರಿದವನ ಕುರಿತೂ ಮಾರಿದವನು ಕೊಂಡವನ ಕುರಿತೂ ಎಲ್ಲರಿಗೂ ಕಾಣುವಂತೆ ನಾಲ್ಕು ಮಾತು ಬರೆಯುವ ವ್ಯವಸ್ಥೆಯನ್ನು ತಂದನು. ಮೆಚ್ಚುಗೆಗೆ ಒಂದು ಅಂಕ ಕೂಡುವುದು, ನಿಂದೆಗೆ ಒಂದು ಕಳೆಯುವುದು. ಇಂದು ಬಾಡಿಗೆ ಕಾರಿನ ಚಾಲಕನಿಗೂ ಹೋಟೆಲಿನ ದೋಸೆಗೂ ನಾವು ಕೊಡುವ ನಕ್ಷತ್ರಗಳ ವಂಶವೃಕ್ಷದಲ್ಲಿ ಈ ಅಂಕಗಳಿಗೆ ಪಿತಾಮಹನ ಸ್ಥಾನವಿದೆ.

ಒಳ್ಳೆಯ ಹೆಸರಿಗೆ ಬೆಲೆಯುಂಟೆಂಬುದನ್ನು ಅಮೆರಿಕದ ವಿದ್ವಾಂಸ ಪಾಲ್ ರೆಸ್ನಿಕ್ ಮತ್ತು ಸಂಗಡಿಗರು ಅಳೆದೇ ತೋರಿಸಿದರು. ಹಳೆಯ ಚಿತ್ರಕಾರ್ಡುಗಳನ್ನು ಮಾರುವ ಹೆಸರುವಾಸಿ ವ್ಯಾಪಾರಿಯೊಬ್ಬನು ಸರಿಸಮಾನವಾದ ಸರಕನ್ನು ತನ್ನ ಪ್ರಸಿದ್ಧ ಹೆಸರಿನಲ್ಲಿಯೂ ಯಾರಿಗೂ ಪರಿಚಯವಿಲ್ಲದ ಹೊಸ ಹೆಸರುಗಳಲ್ಲಿಯೂ ಹರಾಜಿಗಿಟ್ಟಾಗ, ಹಳೆಯ ಹೆಸರಿಗೆ ಖರೀದಿದಾರರು ಶೇಕಡ 8.1ರಷ್ಟು ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದುದು ಕಂಡುಬಂದಿತು. 2006ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಇಂದಿಗೂ ಉದಾಹರಿಸುವರು.

ಜಗಳ ಹುಟ್ಟುವ ಬಗೆ

ಬೆಲೆಯೇರುವ ಕ್ರಮದಲ್ಲಿಯೇ ಕೆಲವು ಜಗಳಗಳ ಬೀಜವಿದೆ. ಇಬೇಯಲ್ಲಿ ಸವಾಲು ಹಾಕುವವನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ಯಂತ್ರಕ್ಕೆ ತಿಳಿಸುತ್ತಾನೆ. ಯಂತ್ರವು ಅವನ ಪರವಾಗಿ, ಎದುರಾಳಿಯನ್ನು ಮೀರಲು ಎಷ್ಟು ಬೇಕೋ ಅಷ್ಟನ್ನೇ ಏರಿಸುತ್ತ ಹೋಗುತ್ತದೆ. ಗೆದ್ದವನು ತನ್ನ ಗರಿಷ್ಠ ಮೊತ್ತವನ್ನಲ್ಲ, ಎರಡನೆಯವನ ಮೊತ್ತಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೊಟ್ಟರೆ ಸಾಕು. ಆದರೆ ಗಡಿಯಾರ ನಿಗದಿಯಾದ ಕ್ಷಣದಲ್ಲಿ ನಿಂತುಹೋಗುವುದರಿಂದ, ಎಲ್ಲರೂ ಕಡೆಯ ಸೆಕೆಂಡಿನವರೆಗೆ ಕಾದು ಕುಳಿತು ಒಮ್ಮೆಲೇ ಎರಗುತ್ತಾರೆ. ಆ ಕಾಲದಲ್ಲಿ ಅಮೆಜಾನ್ ನಡೆಸುತ್ತಿದ್ದ ಹರಾಜುಗಳಲ್ಲಿ ಕೊನೆಗಳಿಗೆಯ ಸವಾಲು ಬಂದರೆ ಅವಧಿ ತಾನಾಗಿ ಮುಂದುವರಿಯುತ್ತಿತ್ತು, ಆದಕಾರಣ ಅಲ್ಲಿ ಈ ನೂಕುನುಗ್ಗಲು ಬಹಳ ಕಡಿಮೆಯಿತ್ತೆಂಬುದನ್ನು ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕನ್‌ಫೆಲ್ಸ್ 2002ರಲ್ಲಿ ತೋರಿಸಿಕೊಟ್ಟರು. ‘ಇನ್ನೊಂದು ಕೂಗಿಗೆ ಅವಕಾಶವಿದ್ದಿದ್ದರೆ ಹೆಚ್ಚು ಬೆಲೆ ಬರುತ್ತಿತ್ತು’ ಎಂದು ನೊಂದ ಮಾರಾಟಗಾರನು ಸರಕನ್ನು ಕಳುಹಿಸದೆ ಸತಾಯಿಸುವುದು ಇಂಥ ಹರಾಜುಗಳ ಹಳೆಯ ವ್ಯಾಜ್ಯಗಳಲ್ಲೊಂದು.

ವರ್ಣನೆಯ ಚಾತುರ್ಯದಿಂದ ಹುಟ್ಟುವ ಜಗಳಗಳ ಸಂಖ್ಯೆ ಇದಕ್ಕಿಂತ ದೊಡ್ಡದು. 2013ರ ಡಿಸೆಂಬರಿನಲ್ಲಿ ಬ್ರಿಟನ್ನಿನ ತರುಣನೊಬ್ಬನು 450 ಪೌಂಡುಗಳನ್ನು ತೆತ್ತು ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು ಕೊಂಡೆನೆಂದು ಭಾವಿಸಿದ್ದಾಗ, ಅಂಚೆಯಲ್ಲಿ ಬಂದದ್ದು ಆ ಯಂತ್ರದ ಛಾಯಾಚಿತ್ರ ಮಾತ್ರ. ಮಾರಾಟದ ವರ್ಣನೆಯಲ್ಲಿ ‘ಫೋಟೊ’ ಎಂಬ ಪದ ಇದ್ದೇ ಇತ್ತು. ಅಕ್ಷರಶಃ ನೋಡಿದರೆ ಮಾರಿದವನು ಸುಳ್ಳು ಹೇಳಿರಲಿಲ್ಲ. ಕೊಂಡವನಿಗೆ ಹಣ ಮರಳಿತು, ಮತ್ತು ಮರಳಬೇಕಾದ್ದೇ ನ್ಯಾಯ.

ಹುಸಿ ಸವಾಲಿನ ಕಥೆಗಳಲ್ಲಿ 2000ದ ಮೇ ತಿಂಗಳಿನದನ್ನು ಮೀರಿಸಿದ್ದು ಇನ್ನೊಂದಿಲ್ಲ. ಸ್ಯಾಕ್ರಮೆಂಟೊ ನಗರದ ವಕೀಲನೊಬ್ಬನು, ಕಲೆಯ ಗಂಧಗಾಳಿಯೇ ತನಗಿಲ್ಲವೆಂಬ ಧಾಟಿಯಲ್ಲಿ ಒಂದು ಅಮೂರ್ತ ಚಿತ್ರವನ್ನು ವರ್ಣಿಸಿ, 25 ಸೆಂಟುಗಳ ಆರಂಭದ ಬೆಲೆಗೆ ಹರಾಜಿಗಿಟ್ಟನು. ಚಿತ್ರದ ಮೂಲೆಯಲ್ಲಿ ‘ಆರ್‌ಡಿ 52’ ಎಂಬ ಅಕ್ಷರಗಳು ಕಾಣುತ್ತಿದ್ದವು. ಅದು ಹೆಸರಾಂತ ಚಿತ್ರಕಾರ ರಿಚರ್ಡ್ ಡೀಬನ್‌ಕಾರ್ನನ ಕೃತಿಯಿರಬೇಕೆಂದು ಜನರು ತಾವೇ ಊಹಿಸಿಕೊಂಡರು. ಅವನು ಹೇಳಲಿಲ್ಲ, ಇವರು ಕೇಳಲಿಲ್ಲ; ಬೆಲೆ 1,35,805 ಡಾಲರುಗಳಿಗೆ ಏರಿತು. ಮಾರುವವನೇ ಬೇರೆ ಹೆಸರಿನಲ್ಲಿ ಸವಾಲು ಹಾಕಿದ್ದನೆಂಬುದು ಗೊತ್ತಾಗಿ ಇಬೇ ಆ ಮಾರಾಟವನ್ನು ರದ್ದುಮಾಡಿತು. ತನಿಖೆ ಬೆಳೆದಂತೆ, ಮೂವರು ಸೇರಿ ಹತ್ತಾರು ಹೆಸರುಗಳಲ್ಲಿ ನೂರಾರು ಹರಾಜುಗಳ ಬೆಲೆಯನ್ನು ಪರಸ್ಪರ ಏರಿಸಿಕೊಂಡಿದ್ದ ಸಂಗತಿ ಬಯಲಾಯಿತು. 2001ರಲ್ಲಿ ವಕೀಲನು ತಪ್ಪೊಪ್ಪಿಕೊಂಡು, ಬಳಿಕ ತನ್ನ ವೃತ್ತಿಯನ್ನು ಕಳೆದುಕೊಂಡು, ಆ ಕುರಿತು ಒಂದು ಪುಸ್ತಕವನ್ನೂ ಬರೆದನು. ಹುಣಸೆಮರದ ಕೆಳಗೆ ಒಂದು ನಗೆಯಿಂದ ಮುಗಿಯಬಹುದಾಗಿದ್ದ ವಿಚಾರಕ್ಕೆ ಇಲ್ಲಿ ಎಫ್‌ಬಿಐ ಬೇಕಾಯಿತು.

ಸೇಡಿನ ಅಂಕಗಳು

ಅಂಕಗಳ ವ್ಯವಸ್ಥೆ ಬಹುಕಾಲ ನಿಜ ಹೇಳಲಿಲ್ಲ. ಆರಂಭದ ವರ್ಷಗಳ ಒಂದು ದೊಡ್ಡ ಅಧ್ಯಯನದಲ್ಲಿ, ಕೊಂಡವರು ಬರೆದ ಅಭಿಪ್ರಾಯಗಳಲ್ಲಿ ಶೇಕಡ 99ಕ್ಕೂ ಮೇಲ್ಪಟ್ಟು ಮೆಚ್ಚುಗೆಯವೇ ಆಗಿದ್ದವು. ಭೂಲೋಕದ ಯಾವ ಸಂತೆಯಲ್ಲಿಯೂ ಇಷ್ಟು ಸಂತೃಪ್ತ ಗಿರಾಕಿಗಳು ಸಿಗಲಾರರು. ಕಾರಣವು ಸರಳವಾಗಿತ್ತು: ನಾನು ನಿನ್ನನ್ನು ನಿಂದಿಸಿದರೆ ನೀನು ನನ್ನನ್ನು ನಿಂದಿಸುವೆ. ಮಾರಾಟಗಾರರು ತಾವು ಮೊದಲು ಬರೆಯದೆ, ಕೊಂಡವನು ಬರೆಯುವವರೆಗೆ ಕಾದು, ಅವನು ದೂರು ಬರೆದ ಮರುಗಳಿಗೆಯೇ ಅವನ ಹೆಸರಿಗೂ ಮಸಿ ಬಳಿಯುವುದನ್ನು ರೂಢಿಮಾಡಿಕೊಂಡರು; ಒಡೆದ ಪಿಂಗಾಣಿ ತಟ್ಟೆಯನ್ನು ಪಡೆದವನೂ ತನ್ನ ಹೆಸರು ಕೆಡುವ ಭಯದಿಂದ ‘ಉತ್ತಮ ವ್ಯಾಪಾರಿ’ ಎಂದು ಬರೆದು ಸುಮ್ಮನಾಗುತ್ತಿದ್ದನು.

2008ರ ಮೇ ತಿಂಗಳಿನಲ್ಲಿ ಇಬೇ ಈ ಗಂಟನ್ನು ಕತ್ತರಿಸಿತು: ಅಂದಿನಿಂದ ಮಾರುವವನು ಕೊಂಡವನ ಕುರಿತು ನಿಂದೆಯ ಅಭಿಪ್ರಾಯವನ್ನು ದಾಖಲಿಸುವಂತಿಲ್ಲ. ಸೇಡಿಗೆ ಅವಕಾಶ ತಪ್ಪಿತು, ನಿಜ. ಆದರೆ ಅದುವರೆಗೆ ಇಬ್ಬರ ಕೈಯಲ್ಲಿಯೂ ಇದ್ದ ಕತ್ತಿಯನ್ನು ಒಬ್ಬನ ಕೈಯಲ್ಲಿ ಮಾತ್ರ ಬಿಟ್ಟಂತಾಯಿತು. ‘ಅರ್ಧ ಹಣ ಹಿಂದಿರುಗಿಸು, ಇಲ್ಲವಾದರೆ ನಿಂದೆ ಬರೆಯುವೆ’ ಎಂಬ ಬೆದರಿಕೆ ಮಾರಾಟಗಾರರ ನಿತ್ಯದ ಗೋಳಾಯಿತು. ಈ ಸುಧಾರಣೆಯನ್ನು ನಾನು ತಪ್ಪೆನ್ನಲಾರೆ. ಅದು ಅರ್ಧ ಸುಧಾರಣೆಯಾಗಿತ್ತು ಎಂಬುದಷ್ಟೇ ನನ್ನ ಆಕ್ಷೇಪ.

ಮಧ್ಯಸ್ಥನಿಂದ ಯಂತ್ರಕ್ಕೆ

ಈ ನಡುವೆ ಬೇರೊಂದು ಕಡೆಯಿಂದ ವಿದ್ವಾಂಸರು ಪ್ರವೇಶಿಸಿದ್ದರು. ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಈಥನ್ ಕಾಟ್ಷ್ ಎಂಬ ಪ್ರಾಧ್ಯಾಪಕರು ಇಬೇಯ ಸಮ್ಮತಿಯನ್ನು ಪಡೆದು, 1999ರ ಸುಮಾರಿನಲ್ಲಿ, ಹರಾಜಿನ ಜಗಳಗಳನ್ನು ಇಮೇಲ್ ಮೂಲಕ ರಾಜಿ ಮಾಡಿಸುವ ಒಂದು ಪ್ರಯೋಗವನ್ನು ನಡೆಸಿದರು. ಎರಡೇ ವಾರಗಳಲ್ಲಿ ಸುಮಾರು 200 ವ್ಯಾಜ್ಯಗಳು ಅವರ ಮುಂದೆ ಬಂದವು. ಕಾಟ್ಷ್ ಮತ್ತು ಸಹೋದ್ಯೋಗಿಗಳು ಗಮನಿಸಿದ ಮುಖ್ಯ ಸಂಗತಿಯೆಂದರೆ, ಜಗಳವಾಡುವವರ ಮನಸ್ಸಿನ ಮೇಲೆ ದೇಶದ ಕಾನೂನಿನ ನೆರಳಿಗಿಂತ ಇಬೇಯ ನಿಯಮಗಳ ನೆರಳು ದಟ್ಟವಾಗಿದ್ದುದು. ಕೋರ್ಟಿಗೆ ಎಳೆಯುವೆನೆಂದರೆ ಯಾರೂ ಹೆದರುತ್ತಿರಲಿಲ್ಲ, ಆ ಸಂತೆಯಿಂದ ಹೊರದೂಡಲ್ಪಡುವೆವೆಂದರೆ ಎಲ್ಲರೂ ಹೆದರುತ್ತಿದ್ದರು.

ಅದರ ಬೆನ್ನಲ್ಲೇ ಸ್ಕ್ವೇರ್‌ಟ್ರೇಡ್ ಎಂಬ ಸಂಸ್ಥೆ ಇದನ್ನು ವ್ಯವಸ್ಥಿತವಾದ ಉದ್ಯೋಗವನ್ನಾಗಿ ಮಾಡಿತು: ಮೊದಲು ಉಭಯರೂ ನೇರವಾಗಿ ಬರೆದುಕೊಂಡು ಉಚಿತವಾಗಿ ಬಗೆಹರಿಸಿಕೊಳ್ಳಲು ಯತ್ನಿಸಬೇಕು, ಆಗದಿದ್ದರೆ ಅಲ್ಪ ಶುಲ್ಕಕ್ಕೆ ಮನುಷ್ಯನೊಬ್ಬನು ಮಧ್ಯಸ್ಥನಾಗಿ ಬರುತ್ತಾನೆ. 2003ರಲ್ಲಿ ಇಬೇ ತನ್ನದೇ ಆದ ವ್ಯಾಜ್ಯಪರಿಹಾರ ವಿಭಾಗಕ್ಕೆ ಕಾಲಿನ್ ರೂಲ್ ಎಂಬವರನ್ನು ಮುಖ್ಯಸ್ಥರನ್ನಾಗಿ ನೇಮಿಸಿಕೊಂಡಿತು. ಅವರ ಕಾಲದಲ್ಲಿ ವರ್ಷಕ್ಕೆ 6 ಕೋಟಿ ವ್ಯಾಜ್ಯಗಳು ಬರುತ್ತಿದ್ದವು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮನುಷ್ಯನ ಕೈ ಸೋಂಕದೆ ಇತ್ಯರ್ಥವಾಗುತ್ತಿದ್ದವು.

ಯಂತ್ರವು ನ್ಯಾಯದಾನ ಮಾಡುವುದು ಹೇಗೆ? ಅದರ ಕುಶಲತೆಯೆಲ್ಲ ಪ್ರಶ್ನೆ ಕೇಳುವುದರಲ್ಲಿದೆ. ಕೋಪಗೊಂಡ ಮನುಷ್ಯನಿಗೆ ಖಾಲಿ ಕಾಗದವನ್ನು ಕೊಟ್ಟರೆ ಅವನು ಬೈಗುಳಗಳನ್ನು ಬರೆಯುತ್ತಾನೆ. ಅದರ ಬದಲು, ಸರಕು ಬಂದಿತೋ ಇಲ್ಲವೋ, ಬಂದಿದ್ದರೆ ಒಡೆದಿದೆಯೋ, ಬೇರೆಯದೋ, ನಕಲಿಯೋ, ನಿಮಗೆ ಬೇಕಾದ್ದು ಪೂರ್ತಿ ಹಣವೋ, ಭಾಗಶಃ ಹಣವೋ, ಬದಲಿ ಸರಕೋ ಎಂದು ಒಂದೊಂದಾಗಿ ಕೇಳಿ ಗುರುತು ಹಾಕಿಸಿದರೆ, ಅವನ ಕ್ರೋಧವು ಕ್ರಮೇಣ ಒಂದು ಬೇಡಿಕೆಯ ಆಕಾರವನ್ನು ತಾಳುತ್ತದೆ. ಅದೇ ಪ್ರಶ್ನೆಗಳನ್ನು ಎದುರು ಪಕ್ಷಕ್ಕೂ ಕೇಳಿ, ಎರಡು ಉತ್ತರಗಳು ಎಲ್ಲಿ ಕೂಡುತ್ತವೆಯೆಂದು ನೋಡಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯಿತು. ನಮ್ಮ ಊರುಗಳ ಹಿರಿಯರು ಕಟ್ಟೆಯ ಮೇಲೆ ಕುಳಿತು ಮಾಡುತ್ತಿದ್ದ ಕೆಲಸದ ಬಹುಭಾಗವೂ ಇದೇ, ಅವರು ನಡುವೆ ಎಲೆಅಡಿಕೆ ಹಾಕಿಕೊಳ್ಳಲು ಹೇಳುತ್ತಿದ್ದರು ಎಂಬುದನ್ನು ಬಿಟ್ಟರೆ.

ಆದರೆ ಕಾಲಕ್ರಮದಲ್ಲಿ ಈ ಪ್ರಶ್ನೋತ್ತರವೂ ಸಂಕ್ಷಿಪ್ತವಾಯಿತು. ಈಗಿನ ಹಣವಾಪಸಿನ ಖಾತರಿಯಲ್ಲಿ ಖರೀದಿದಾರನು 30 ದಿನಗಳೊಳಗೆ ‘ವರ್ಣನೆಯಂತಿಲ್ಲ’ ಎಂದು ಗುರುತು ಹಾಕಿದರೆ, ಮಾರಾಟಗಾರನು ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಮೊದಲೇ ಬರೆದಿದ್ದರೂ ತನ್ನ ಖರ್ಚಿನಲ್ಲಿ ಸರಕನ್ನು ತರಿಸಿಕೊಳ್ಳಬೇಕಾಗುತ್ತದೆ. ಇದರ ಮರೆಯಲ್ಲಿ ನಡೆಯುವ ಕುಯುಕ್ತಿಗಳು ಮಾರಾಟಗಾರರಿಗೆ ಬಾಯಿಪಾಠವಾಗಿವೆ: ಮದುವೆಗೆ ಉಟ್ಟು ಮರುದಿನ ಹಿಂದಿರುಗಿಸಿದ ಉಡುಪು, ಒಳಗಿನ ಬಿಡಿಭಾಗಗಳನ್ನು ಕಿತ್ತುಕೊಂಡು ಮರಳಿಸಿದ ಕ್ಯಾಮೆರಾ, ತೂಕ ಸರಿಹೊಂದಲೆಂದು ಇಟ್ಟಿಗೆ ತುಂಬಿಸಿ ಕಳುಹಿಸಿದ ಡಬ್ಬ.

ಯಂತ್ರವು ನಿಯಮವನ್ನು ಅಕ್ಷರಶಃ ನಡೆಸಿದರೆ ಏನಾಗಬಹುದೆಂಬುದಕ್ಕೆ 2012ರ ಜನವರಿಯಲ್ಲಿ ಸುದ್ದಿಯಾದ ಪಿಟೀಲಿನ ಪ್ರಸಂಗವೇ ಸಾಕು. ಅಂತರಜಾಲದಲ್ಲಿ 2,500 ಡಾಲರುಗಳಿಗೆ ಹಳೆಯ ಫ್ರೆಂಚ್ ಪಿಟೀಲೊಂದನ್ನು ಕೊಂಡವನು ಅದರ ಒಳಗಿನ ಚೀಟಿ ನಂಬತಕ್ಕದ್ದಲ್ಲವೆಂದು ಆಕ್ಷೇಪಿಸಿದನು. ಪಿಟೀಲಿನ ಚೀಟಿಯ ವಿಷಯವಾಗಿ ತಜ್ಞರಲ್ಲಿಯೇ ಭಿನ್ನಾಭಿಪ್ರಾಯವಿರುವುದು ಸರ್ವಸಾಮಾನ್ಯ. ಕಾರ್ಖಾನೆಯಲ್ಲಿ ತಯಾರಾದ ಸಾವಿರಾರು ವಾದ್ಯಗಳೊಳಗೆ ಪ್ರಸಿದ್ಧ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್‌ನ ಹೆಸರಿನ ಚೀಟಿ ಇರುತ್ತದೆ. ಹಣದ ವ್ಯವಹಾರವನ್ನು ನಡೆಸಿಕೊಟ್ಟ ಪೇಪಾಲ್ ಸಂಸ್ಥೆಯ ನಿಯಮಾವಳಿಯಲ್ಲಿ, ನಕಲಿ ಸರಕನ್ನು ನಾಶಮಾಡಿ ಪುರಾವೆ ಒದಗಿಸಿದರೆ ಹಣ ಮರಳುವುದೆಂಬ ಒಂದು ಷರತ್ತಿತ್ತು. ಕೈಚೀಲಗಳಿಗೂ ಕೈಗಡಿಯಾರಗಳಿಗೂ ಹೊಂದುವ ಆ ಷರತ್ತನ್ನು ಪಿಟೀಲಿಗೂ ಅನ್ವಯಿಸಲಾಯಿತು. ಕೊಂಡವನು ಅದನ್ನು ಚೂರುಚೂರು ಮಾಡಿ ಛಾಯಾಚಿತ್ರವನ್ನು ಕಳುಹಿಸಿದನು, ಹಣ ಅವನಿಗೆ ಸಂದಿತು, ಮಾರಿದಾಕೆಗೆ ಉಳಿದದ್ದು ಮುರಿದ ಮರದ ತುಂಡುಗಳ ಚಿತ್ರ.

ಇಪ್ಪತ್ತೊಂದು ಮಂದಿಯ ಪಂಚಾಯಿತಿ

ಹೀಗೆ ಒಂದೆಡೆ ಸೇಡಿನ ಅಂಕಗಳೂ ಇನ್ನೊಂದೆಡೆ ಕಿವುಡು ಯಂತ್ರವೂ ಇರುವಾಗ, 2008ರ ಕೊನೆಯಲ್ಲಿ ಇಬೇಯ ಭಾರತೀಯ ತಾಣದಲ್ಲಿ ‘ಸಮುದಾಯ ನ್ಯಾಯಾಲಯ’ವೆಂಬ ಹೊಸ ಏರ್ಪಾಡು ಆರಂಭವಾಯಿತು. ಕಾಲಿನ್ ರೂಲ್ ಅವರೊಡನೆ ಇದನ್ನು ರೂಪಿಸಿದ ಚಿತ್ತು ನಾಗರಾಜನ್ ಭಾರತದವರು. ತನ್ನ ವಿಷಯದಲ್ಲಿ ಅನ್ಯಾಯವಾದ ನಿಂದೆ ದಾಖಲಾಗಿದೆಯೆಂದು ಭಾವಿಸಿದ ಮಾರಾಟಗಾರನು ತನ್ನ ಅಹವಾಲನ್ನು ಚಿತ್ರಗಳೊಡನೆ, ಪತ್ರವ್ಯವಹಾರದೊಡನೆ ಸಲ್ಲಿಸಬೇಕು. ಕೊಂಡವನು ತನ್ನ ಉತ್ತರವನ್ನು ಅದೇ ರೀತಿ ಸಲ್ಲಿಸಬೇಕು. ಬಳಿಕ, ಆ ಸಂತೆಯಲ್ಲಿ ಕೊಂಡು ಮಾರಿ ಅನುಭವವುಳ್ಳ, ಇಬ್ಬರಿಗೂ ಸಂಬಂಧವಿಲ್ಲದ 21 ಮಂದಿ ಸದಸ್ಯರನ್ನು ಯಾದೃಚ್ಛಿಕವಾಗಿ ಆರಿಸಿ, ಅವರ ಮುಂದೆ ಕಡತವನ್ನಿಡಲಾಗುತ್ತಿತ್ತು. ಪ್ರತಿಯೊಬ್ಬನೂ ಕೊಂಡವನ ಪಕ್ಷವನ್ನಾಗಲಿ ಮಾರಿದವನ ಪಕ್ಷವನ್ನಾಗಲಿ ಎತ್ತಿಹಿಡಿಯಬಹುದಾಗಿತ್ತು, ನಿರ್ಧರಿಸಲಾರೆನೆಂದು ಹೇಳುವುದಕ್ಕೂ ಅವಕಾಶವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಮಾರಿದವನನ್ನು ಸಮರ್ಥಿಸಿದರೆ ಆ ನಿಂದೆಯನ್ನು ಅಳಿಸಲಾಗುತ್ತಿತ್ತು.

ಈ ತೀರ್ಪಿನಿಂದ ಒಂದು ರೂಪಾಯಿಯೂ ಕೈಬದಲಾಗುತ್ತಿರಲಿಲ್ಲವೆಂಬುದನ್ನು ಮರೆಯಬಾರದು; ಇಲ್ಲಿ ಪಣವಾಗಿದ್ದುದು ಹೆಸರು ಮಾತ್ರ. ಆದರೂ ಆ ಏರ್ಪಾಡಿನಲ್ಲಿ ಬೇರೆ ಯಾವುದರಲ್ಲಿಯೂ ಇಲ್ಲದ ಒಂದು ಗುಣವಿತ್ತು: ಹರಾಜಿನ ಕೊಠಡಿಯಿಂದ ಕಾಣೆಯಾಗಿದ್ದ ಗುಂಪನ್ನು ಅದು ಮರಳಿ ಕರೆತಂದಿತು. ‘ಸುಸ್ಥಿತಿ’ ಎಂಬ ಮಾತಿಗೆ ಹಳೆಯ ಅಂಚೆಚೀಟಿಯ ಸಂದರ್ಭದಲ್ಲಿ ಏನರ್ಥ, ಮಳೆಗಾಲದಲ್ಲಿ ಪಾರ್ಸೆಲ್ ಎರಡು ದಿನ ತಡವಾದರೆ ಅದು ಯಾರ ತಪ್ಪು ಎಂಬಂಥ ಪ್ರಶ್ನೆಗಳಿಗೆ ಸಿದ್ಧ ಉತ್ತರ ಯಾವ ನಿಯಮಾವಳಿಯಲ್ಲಿಯೂ ಇರಲಾರದು. ಆ ವ್ಯಾಪಾರದಲ್ಲಿಯೇ ಬೆರಳು ಸುಟ್ಟುಕೊಂಡವರಿಗೆ ಅದು ಗೊತ್ತು. ಜನ ಗುಂಪುಗಟ್ಟಿ ಪಕ್ಷಪಾತ ಮಾಡಬಹುದೆಂಬ, ಕಡತವನ್ನು ಓದದೆ ಮತ ಹಾಕಬಹುದೆಂಬ ಶಂಕೆ ನ್ಯಾಯವಾದದ್ದೇ. ಆದರೆ ಯಂತ್ರವೂ ಕಡತವನ್ನು ಓದುವುದಿಲ್ಲ. 2012ರಿಂದ ಚೀನಾದ ತಾವೊಬಾವೊ ಎಂಬ ಮಾರುಕಟ್ಟೆಯು ಇದೇ ಮಾರ್ಗವನ್ನು ಹಿಡಿದು, ಸಾಮಾನ್ಯ ಬಳಕೆದಾರರನ್ನೇ ತೀರ್ಪುಗಾರರನ್ನಾಗಿ ಕೂರಿಸಿ ದೊಡ್ಡ ಪ್ರಮಾಣದಲ್ಲಿ ನಡೆಸಿತು. ಹುಟ್ಟಿದ ನೆಲದಲ್ಲಿ ಮಾತ್ರ ಅದು ಬೇರೂರಲಿಲ್ಲ.

ಕಟಕಟೆ ಏರಿದ ಕೆಲವು ಪ್ರಕರಣಗಳು

ಬೆಲೆ ದೊಡ್ಡದಾದಾಗ ಜನ ನ್ಯಾಯಾಲಯಕ್ಕೂ ಹೋಗಿದ್ದಾರೆ. ಆಸ್ಟ್ರೇಲಿಯಾದಲ್ಲಿ ಒಬ್ಬನು ಎರಡನೆಯ ಮಹಾಯುದ್ಧದ ಕಾಲದ ವಿರಾವೇ ವಿಮಾನವನ್ನು 1,50,000 ಆಸ್ಟ್ರೇಲಿಯನ್ ಡಾಲರುಗಳ ಕನಿಷ್ಠ ಬೆಲೆಗೆ ಇಬೇಯಲ್ಲಿಟ್ಟನು. ಅಷ್ಟೇ ಮೊತ್ತಕ್ಕೆ ಒಂದು ಸವಾಲು ಬಂದಿತು. ಅಷ್ಟರಲ್ಲಿ ಹೊರಗಿನವನೊಬ್ಬನು ಇನ್ನೂ ಒಂದು ಲಕ್ಷ ಹೆಚ್ಚು ಕೊಡಲು ಒಪ್ಪಿದ್ದರಿಂದ, ಮಾರುವವನು ಇಬೇಯ ಹರಾಜಿನಿಂದ ಒಪ್ಪಂದವೇ ಏರ್ಪಡುವುದಿಲ್ಲವೆಂದು ವಾದಿಸಿದನು. 2007ರಲ್ಲಿ ನ್ಯೂ ಸೌತ್ ವೇಲ್ಸಿನ ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಅಂಥ ವಿಮಾನ ಬೇರೆಲ್ಲಿಯೂ ಸುಲಭವಾಗಿ ಸಿಗತಕ್ಕದ್ದಲ್ಲವಾದ ಕಾರಣ ಪರಿಹಾರಧನ ಸಾಲದೆಂದು ಬಗೆದು, ವಿಮಾನವನ್ನೇ ಒಪ್ಪಿಸಬೇಕೆಂದು ಆಜ್ಞಾಪಿಸಿತು.

ಜರ್ಮನರು ಈ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಹಳೆಯ ಪಸಾಟ್ ಕಾರೊಂದನ್ನು ಒಂದು ಯೂರೊ ಆರಂಭದ ಬೆಲೆಗೆ ಹರಾಜಿಗಿಟ್ಟವನು, ಹೊರಗೆ ಗಿರಾಕಿ ಸಿಕ್ಕಿದನೆಂದು ಹರಾಜನ್ನು ನಡುವೆಯೇ ನಿಲ್ಲಿಸಿದನು. ಆ ಕ್ಷಣದಲ್ಲಿದ್ದ ಸವಾಲು ಒಂದೇ ಯೂರೊ. 2014ರಲ್ಲಿ ಅಲ್ಲಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯವು ಒಂದು ಯೂರೊಗೆ ಮಾರಾಟವಾಯಿತೆಂದೇ ತೀರ್ಮಾನಿಸಿ, ಕಾರಿನ ಬೆಲೆ 5,250 ಯೂರೊ ಎಂದು ಎಣಿಸಿ 5,249 ಯೂರೊಗಳ ಪರಿಹಾರವನ್ನು ಕೊಡಿಸಿತು. ಎರಡು ವರ್ಷಗಳ ತರುವಾಯ ಅದೇ ನ್ಯಾಯಾಲಯ, ಬೇರೊಂದು ಹೆಸರಿನಿಂದ ತನ್ನ ಗಾಲ್ಫ್ ಕಾರಿನ ಬೆಲೆಯನ್ನು ತಾನೇ ಏರಿಸಿದವನ ಸವಾಲುಗಳನ್ನೆಲ್ಲ ಅಸಿಂಧುವೆಂದು ಕಳೆದುಹಾಕಿದಾಗ ಉಳಿದ ಬೆಲೆ ಒಂದೂವರೆ ಯೂರೊ. ಅವನು ತೆರಬೇಕಾಗಿ ಬಂದ ಪರಿಹಾರ ಸುಮಾರು 16,500 ಯೂರೊ. ಇಂಥ ತೀರ್ಪುಗಳ ಸುಳಿವು ಹಿಡಿದು, ಅರ್ಧದಲ್ಲಿ ನಿಲ್ಲಬಹುದಾದ ಹರಾಜುಗಳಿಗೆಲ್ಲ ಚಿಲ್ಲರೆ ಸವಾಲು ಹಾಕಿ ದಾವೆ ಹೂಡುವುದನ್ನೇ ಕಸುಬು ಮಾಡಿಕೊಂಡವರೂ ಅಲ್ಲಿ ಹುಟ್ಟಿಕೊಂಡರು.

ನಮ್ಮಲ್ಲಿ

ಭಾರತದಲ್ಲಿ ಈ ವ್ಯಾಪಾರದ ಇತಿಹಾಸ ಚಿಕ್ಕದು. 2000ದಲ್ಲಿ ಆರಂಭವಾದ ಬಾಜಿ ಡಾಟ್ ಕಾಮ್ ಅನ್ನು 2004ರಲ್ಲಿ ಇಬೇ ಸುಮಾರು 5 ಕೋಟಿ ಡಾಲರುಗಳಿಗೆ ಕೊಂಡಿತು. ಅದೇ ವರ್ಷಾಂತ್ಯದಲ್ಲಿ, ಯಾವನೋ ಸದಸ್ಯನು ಅಶ್ಲೀಲ ದೃಶ್ಯವೊಂದನ್ನು ಮಾರಾಟಕ್ಕಿಟ್ಟ ಕಾರಣ ಅದರ ಮುಖ್ಯಸ್ಥರೇ ಬಂಧನಕ್ಕೊಳಗಾದರು. ಸಂತೆಯ ಮೈದಾನದ ಒಡೆಯನು ಪ್ರತಿಯೊಂದು ಅಂಗಡಿಯ ಪಾಪಕ್ಕೂ ಹೊಣೆಯೇ ಎಂಬ ಚರ್ಚೆ ಇದರಿಂದ ಎದ್ದು, 2008ರ ಮಾಹಿತಿ ತಂತ್ರಜ್ಞಾನ ಕಾನೂನಿನ ತಿದ್ದುಪಡಿಯಲ್ಲಿ, ತಕ್ಕ ಎಚ್ಚರ ವಹಿಸುವ ಮಧ್ಯವರ್ತಿಗಳಿಗೆ ರಕ್ಷಣೆ ದೊರೆಯಿತು. 2017ರಲ್ಲಿ ಇಬೇಯ ಭಾರತೀಯ ವ್ಯಾಪಾರ ಬೆಂಗಳೂರಿನ ಫ್ಲಿಪ್‌ಕಾರ್ಟ್ ಪಾಲಾಯಿತು. 2018ರ ಆಗಸ್ಟ್ 14ರಂದು ಆ ತಾಣ ಮುಚ್ಚಿಹೋಯಿತು, ಅದರೊಡನೆ ಇಪ್ಪತ್ತೊಂದು ಮಂದಿಯ ಪಂಚಾಯಿತಿಯ ನೆನಪೂ.

ನಮ್ಮ ರಾಜ್ಯದಲ್ಲಿ ಯಂತ್ರದ ಮೂಲಕ ನಿತ್ಯ ಹರಾಜು ನಡೆಯುವುದನ್ನು ನೋಡಬೇಕಾದರೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಬೇಕು. ಅಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರುಗಳು ಸವಾಲನ್ನು ಕೂಗುವುದಿಲ್ಲ, ಮೊಬೈಲಿನಲ್ಲಿ ಒತ್ತುತ್ತಾರೆ. ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ರೈತನು ಲಾಟನ್ನು ಬಿಡದಿರಬಹುದು. ಆದರೆ ಗೂಡು ಎದುರಿಗೇ ಹರಡಿರುತ್ತದೆ. ಕೈಯಲ್ಲಿ ಹಿಡಿದು, ಅದುಮಿ, ಅಲುಗಾಡಿಸಿ ನೋಡಿದ ಮೇಲೆಯೇ ಬೆರಳು ಮೊಬೈಲಿಗೆ ಹೋಗುವುದು. ಆದ್ದರಿಂದ ಅಲ್ಲಿಯ ತಗಾದೆಗಳು ತೂಕ, ಹಣ ಪಾವತಿಗಳ ಸುತ್ತ ಹುಟ್ಟಿಯಾವೇ ಹೊರತು, ಬಂದ ಸರಕು ಚಿತ್ರದಲ್ಲಿದ್ದಂತಿಲ್ಲವೆಂಬ ಜಗಳಕ್ಕೆ ಆಸ್ಪದವಿಲ್ಲ.

ಆ ಜಗಳ ನಡೆಯುವುದು ನಾಣ್ಯ, ಅಂಚೆಚೀಟಿ, ಹಳೆಯ ಪೆನ್ನುಗಳ ಮೋಹಿತರು ವಾಟ್ಸ್‌ಆ್ಯಪ್, ಫೇಸ್‌ಬುಕ್ ಗುಂಪುಗಳಲ್ಲಿ ತಾವೇ ಏರ್ಪಡಿಸಿಕೊಳ್ಳುವ ಹರಾಜುಗಳಲ್ಲಿ. ಅಲ್ಲಿ ಗುಂಪಿನ ಅಡ್ಮಿನ್ನೇ ಹರಾಜುಗಾರ, ಅವನೇ ಮಧ್ಯಸ್ಥ, ಅವನೇ ದಂಡನಾಯಕ. ಗುಂಪಿನಿಂದ ತೆಗೆದುಹಾಕುವುದೇ ಪರಮಾವಧಿಯ ಶಿಕ್ಷೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, 2020ರ ಇ-ವಾಣಿಜ್ಯ ನಿಯಮಗಳಂತೆ ಮಾರಾಟತಾಣವು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು, 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಹಣ ಪಡೆದವನು ಸಂಪೂರ್ಣ ಮಾಯವಾಗಿದ್ದರೆ ಸೈಬರ್ ವಂಚನೆಯ ಸಂಖ್ಯೆ 1930. ಆದರೆ ಮರುಮಾರಾಟಕ್ಕೆಂದು ಕೊಂಡವನು ಈ ಕಾಯಿದೆಯ ಅರ್ಥದಲ್ಲಿ ಗ್ರಾಹಕನೇ ಅಲ್ಲ. ಮತ್ತು ವ್ಯಾಪಾರವನ್ನು ಕಸುಬಾಗಿ ಇಟ್ಟುಕೊಳ್ಳದೆ ತನ್ನ ಮನೆಯ ಹಳೆಯ ಕ್ಯಾಮೆರಾವನ್ನು ಒಮ್ಮೆ ಮಾರಿದ ಖಾಸಗಿ ಮನುಷ್ಯನಿಗೆ ಇ-ವಾಣಿಜ್ಯ ನಿಯಮಗಳು ಅನ್ವಯಿಸುವುದಿಲ್ಲ.

ಅಂಥವನ ಮೇಲೆ ಉಳಿಯುವ ದಾರಿ 1930ರ ಸರಕು ಮಾರಾಟ ಅಧಿನಿಯಮವನ್ನು ಹಿಡಿದು ಸಿವಿಲ್ ದಾವೆ ಹೂಡುವುದು. ಮೂರು ಸಾವಿರ ರೂಪಾಯಿಯ ಕ್ಯಾಮೆರಾಕ್ಕಾಗಿ ವಕೀಲರ ಕಚೇರಿಯ ಮೆಟ್ಟಿಲೇರುವವರು ವಿರಳ. ಆದಕಾರಣ ಈ ಗುಂಪುಗಳಲ್ಲಿ ಒಂದು ಹೊಸ ಕಟ್ಟಳೆ ತಾನಾಗಿ ರೂಢಿಗೆ ಬಂದಿದೆ: ಪಾರ್ಸೆಲ್ ಬಿಚ್ಚುವುದನ್ನು ಆದಿಯಿಂದ ಅಂತ್ಯದವರೆಗೆ ನಡುವೆ ಕತ್ತರಿಸದೆ ವಿಡಿಯೊ ಮಾಡಿಕೊಂಡಿರಬೇಕು, ಇಲ್ಲವಾದರೆ ದೂರನ್ನು ಕೇಳತಕ್ಕದ್ದಿಲ್ಲ. ಅದೇ ವಿಡಿಯೊವನ್ನು ಮುಂದೆ ನ್ಯಾಯಾಲಯದಲ್ಲಿ ಹಾಜರುಪಡಿಸುವ ಪ್ರಸಂಗ ಬಂದರೆ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಅದರೊಡನೆ ಒಂದು ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಗುತ್ತದೆ.